ಮುಂಬಯಿಯಲ್ಲಿ ಟ್ಯಾಕ್ಸ್ ಕೆಲಸ ಶುರು ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು: ಅರ್ಹತೆ, ಲೈಸೆನ್ಸ್ ಖರ್ಚು, ಫೀ

ಡೊಂಬಿವಲಿಯ ನನ್ನ ಚಿಕ್ಕ ಆಫೀಸಿಗೆ ಜೂನ್ ತಿಂಗಳಲ್ಲಿ ಎರಡು ಬಗೆಯ ಜನ ಬರುತ್ತಾರೆ. ಕೆಲವರು ರಿಟರ್ನ್ ಫೈಲ್ ಮಾಡಿಸಲು ಬರುತ್ತಾರೆ. ಇನ್ನು ಕೆಲವರು ನಮ್ಮ ಉಡುಪಿ, ಕುಂದಾಪುರ, ಮಂಗಳೂರು ಕಡೆಯ ಹುಡುಗ ಹುಡುಗಿಯರು. ಬಿಕಾಂ ಮುಗಿದಿರುತ್ತದೆ. "ಅಣ್ಣ, ಈ ಕೆಲಸ ನಾನೂ ಮಾಡಬಹುದಾ? ಲೈಸೆನ್ಸ್‌ಗೆ ಎಷ್ಟು ಬೇಕು? ಫೀ ಎಷ್ಟು ತಗೊಳ್ಳಬೇಕು?" ಎಂದು ಕೇಳುತ್ತಾರೆ. ನಾನೂ ಹಗಲು ಹೋಟೆಲಿನ ಗಲ್ಲಾದಲ್ಲಿ ಕೂತು, ಸಂಜೆ ಕಾಲೇಜಿಗೆ ಹೋಗಿ ಬಿಕಾಂ ಮಾಡಿದವನು. ಆಗ ಇದನ್ನೆಲ್ಲ ಕನ್ನಡದಲ್ಲಿ ಹೇಳಿಕೊಡುವವರು ಯಾರೂ ಸಿಗಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಬರುವ ಆದಾಯ ತೆರಿಗೆ ಸೆಕ್ಷನ್ ಸಂಖ್ಯೆಗಳು 1961ರ ಕಾಯ್ದೆಯವು. 2025ರ ಹೊಸ ಕಾಯ್ದೆ ಜಾರಿಯಾಗುವುದು 2026ರ ಏಪ್ರಿಲ್ 1ರಿಂದ. ಅದರಲ್ಲಿ ಸಂಖ್ಯೆಗಳು ಬೇರೆ. ಆದರೆ ಎಲ್ಲರ ಬಾಯಲ್ಲಿ ಇನ್ನೂ ಹಳೆಯ ಸಂಖ್ಯೆಗಳೇ ಇವೆ.

ಬೇರೆಯವರ ರಿಟರ್ನ್ ತುಂಬಿ ಕೊಡಲು ಲೈಸೆನ್ಸ್ ಬೇಕಾ?

ಬೇಡ. ಕೇಳಿದವರಲ್ಲಿ ಹೆಚ್ಚಿನವರು ಇದನ್ನು ನಂಬುವುದಿಲ್ಲ. ಆದರೆ ಆದಾಯ ತೆರಿಗೆ ರಿಟರ್ನ್ ತುಂಬಲು ಇಂಥ ಪರೀಕ್ಷೆ ಪಾಸಾಗಿರಬೇಕು ಎಂಬ ನಿಯಮ ನಮ್ಮ ದೇಶದಲ್ಲಿ ಇಲ್ಲ. ಇಲಾಖೆಯ ಪೋರ್ಟಲ್ ಎಲ್ಲರಿಗೂ ಪುಕ್ಕಟೆ. ನಿಮ್ಮ ಅಪ್ಪನ ರಿಟರ್ನ್ ನೀವು ತುಂಬಬಹುದು, ಪಕ್ಕದ ಮನೆಯವರದ್ದನ್ನೂ ತುಂಬಬಹುದು.

ಲೈಸೆನ್ಸ್ ಬೇಡ ಎಂದರೆ ಕಲಿಯುವುದೂ ಬೇಡ ಎಂದು ತಿಳಿಯಬೇಡಿ. ಅರ್ಹತೆಯ ಪ್ರಶ್ನೆ ಬರುವುದು ಮೂರು ಕಡೆ. ಗ್ರಾಹಕರ ಪರವಾಗಿ ಅಧಿಕಾರಿಯ ಮುಂದೆ ನಿಲ್ಲಬೇಕಾದಾಗ, ಆಡಿಟ್ ವರದಿಗೆ ಸಹಿ ಹಾಕಬೇಕಾದಾಗ, ಜಿಎಸ್‌ಟಿ ಪೋರ್ಟಲ್‌ನಲ್ಲಿ ನಿಮ್ಮದೇ ಲಾಗಿನ್‌ನಿಂದ ಕೆಲಸ ಮಾಡಬೇಕಾದಾಗ.

ಅಧಿಕಾರಿಯ ಮುಂದೆ ಯಾರು ನಿಲ್ಲಬಹುದು?

ಇದನ್ನು ಹೇಳುವುದು ಸೆಕ್ಷನ್ 288. ತೆರಿಗೆದಾರರ ಪರವಾಗಿ ಹಾಜರಾಗುವವರಿಗೆ ಅದು ಅಧಿಕೃತ ಪ್ರತಿನಿಧಿ ಎನ್ನುತ್ತದೆ. ಸಿಎ, ವಕೀಲರು, ತೆರಿಗೆದಾರರ ಹತ್ತಿರದ ಸಂಬಂಧಿಕರು, ಅವರಲ್ಲಿ ಖಾಯಂ ಕೆಲಸಕ್ಕಿರುವ ನೌಕರರು ಈ ಪಟ್ಟಿಯಲ್ಲಿ ಇದ್ದಾರೆ. ಕರೆಂಟ್ ಅಕೌಂಟ್ ಇರುವ ಷೆಡ್ಯೂಲ್ಡ್ ಬ್ಯಾಂಕಿನ ಅಧಿಕಾರಿಯೂ ಇದ್ದಾರೆ.

ನಮ್ಮ ಹುಡುಗರಿಗೆ ಬೇಕಾದ ಸಾಲು ಇನ್ನೊಂದಿದೆ. ಮಾನ್ಯ ವಿಶ್ವವಿದ್ಯಾಲಯದ ಕಾಮರ್ಸ್ ಅಥವಾ ಲಾ ಪದವಿ ಇರುವವರೂ ಪ್ರತಿನಿಧಿ ಆಗಬಹುದು. ಅಂದರೆ ಬಿಕಾಂ ಸಾಕು. ಇಂಥವರನ್ನೇ ಜನ ಐಟಿಪಿ, ಇನ್‌ಕಮ್ ಟ್ಯಾಕ್ಸ್ ಪ್ರಾಕ್ಟೀಷನರ್ ಎನ್ನುತ್ತಾರೆ. ಕಂಪನಿ ಸೆಕ್ರೆಟರಿ (ಸಿಎಸ್), ಕಾಸ್ಟ್ ಅಕೌಂಟೆಂಟ್ ಫೈನಲ್ ಪಾಸಾದವರಿಗೂ ದಾರಿ ಇದೆ. ಗ್ರಾಹಕರು ಸಹಿ ಹಾಕಿದ ಅಧಿಕಾರ ಪತ್ರ ನಿಮ್ಮ ಕೈಯಲ್ಲಿ ಇರಬೇಕು. ಅದಿಲ್ಲದೆ ಬಿಕಾಂ ಸರ್ಟಿಫಿಕೇಟ್ ಹಿಡಿದುಕೊಂಡು ಹೋದರೆ ಅಲ್ಲಿ ಯಾರೂ ಮಾತಾಡಿಸುವುದಿಲ್ಲ.

ಸಂಜೆ ಕಾಲೇಜಿನ ಬಿಕಾಂ ಎಂದು ಹಿಂಜರಿಯುವವರನ್ನು ನೋಡಿದ್ದೇನೆ. ಕಾನೂನು ಕೇಳುವುದು ಪದವಿಯನ್ನು. ಕ್ಲಾಸು ಎಷ್ಟು ಗಂಟೆಗೆ ನಡೀತಿತ್ತು ಎಂದು ಅದು ಕೇಳುವುದಿಲ್ಲ.

ಹಾಗಿದ್ದರೆ ಸಿಎ ಯಾಕೆ ಓದಬೇಕು? ಖರ್ಚು ಎಷ್ಟು?

ಆಡಿಟ್‌ಗಾಗಿ. ವ್ಯಾಪಾರದ ವಹಿವಾಟು 1 ಕೋಟಿ ದಾಟಿದರೆ ಸೆಕ್ಷನ್ 44ಎಬಿ ಪ್ರಕಾರ ಟ್ಯಾಕ್ಸ್ ಆಡಿಟ್ ಬರುತ್ತದೆ. ನಗದು ವ್ಯವಹಾರ 5 ಪರ್ಸೆಂಟ್ ಮೀರದಿದ್ದರೆ ಆ ಮಿತಿ 10 ಕೋಟಿ. ಆ ವರದಿಗೆ ಸಹಿ ಹಾಕುವ ಹಕ್ಕು ಪ್ರಾಕ್ಟೀಸ್ ಮಾಡುವ ಸಿಎಗೆ ಮಾತ್ರ. ಒಬ್ಬ ಸಿಎ ವರ್ಷಕ್ಕೆ ಇಷ್ಟೇ ಟ್ಯಾಕ್ಸ್ ಆಡಿಟ್ ಮಾಡಬೇಕು ಎಂಬ ಮಿತಿಯನ್ನೂ ಅವರ ಸಂಸ್ಥೆ ಐಸಿಎಐ ಇಟ್ಟಿದೆ. ಅದು 60.

ಓದಿನ ಫೀ ಬಗ್ಗೆ ಜನರಲ್ಲಿ ಸುಮ್ನೆ ಭಯ ಇದೆ. ಪರೀಕ್ಷೆಯ ವಿಷಯಗಳನ್ನು ಎರಡು ಗ್ರೂಪು ಮಾಡಿರುತ್ತಾರೆ. ಎರಡೂ ಗ್ರೂಪಿಗೆ ಸೇರಿ ಇಂಟರ್‌ಮೀಡಿಯೆಟ್ ನೋಂದಣಿಗೆ 18,000 ರೂಪಾಯಿ, ಫೈನಲ್‌ಗೆ 22,000. ಪರೀಕ್ಷಾ ಫೀ ಎರಡೂ ಗ್ರೂಪಿಗೆ ಇಂಟರ್‌ಗೆ 2,700, ಫೈನಲ್‌ಗೆ 3,300. ಫೇಲಾದರೆ ಪರೀಕ್ಷಾ ಫೀ ಮತ್ತೆ ಕಟ್ಟಬೇಕು. ಬೇರೆ ದೊಡ್ಡ ಕೋರ್ಸುಗಳ ಫೀ ನೋಡಿದವರಿಗೆ ಇದು ಹೆಚ್ಚು ಅನ್ನಿಸದು. ನಿಜವಾದ ಖರ್ಚು ಕೋಚಿಂಗ್ ಕ್ಲಾಸಿನದ್ದು ಮತ್ತು ವರ್ಷಗಳದ್ದು. ಹೊಸ ಪದ್ಧತಿಯಲ್ಲಿ ಆರ್ಟಿಕಲ್‌ಶಿಪ್, ಅಂದರೆ ಸಿಎ ಕೈಕೆಳಗೆ ಮಾಡುವ ತರಬೇತಿ, 3 ವರ್ಷದಿಂದ 2 ವರ್ಷಕ್ಕೆ ಇಳಿದಿದೆ. ಆ ಎರಡು ವರ್ಷ ಸಿಗುವ ಸ್ಟೈಪೆಂಡ್‌ನಲ್ಲಿ ಮುಂಬಯಿಯಲ್ಲಿ ಮನೆ ಬಾಡಿಗೆ ಕಟ್ಟಿ ಬದುಕುವುದು ಕಷ್ಟ. ಹಾಗಾಗಿ ಮನೆಯವರ ಬೆಂಬಲ ಇದ್ದರೆ, ವಯಸ್ಸು 20ರ ಆಸುಪಾಸು ಇದ್ದರೆ, ಸಿಎ ಓದಿ ಎಂದು ಒತ್ತಾಯ ಮಾಡುತ್ತೇನೆ. ಮನೆಗೆ ದುಡ್ಡು ಕಳಿಸಲೇಬೇಕು ಎನ್ನುವವರು ಬಿಕಾಂ ಮೇಲೆ ಕೆಲಸ ಶುರು ಮಾಡಲಿ. ಅದೇನೂ ಕಡಿಮೆ ದಾರಿ ಅಲ್ಲ.

ಸಿಎ ಆಗದೆ ಹೆಸರಿನ ಮುಂದೆ ಸಿಎ ಎಂದು ಹಾಕಿಕೊಳ್ಳುವುದು 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯಲ್ಲಿ ಅಪರಾಧ. ಗ್ರಾಹಕರು ಪ್ರೀತಿಯಿಂದ "ನಮ್ಮ ಸಿಎ" ಎಂದು ಪರಿಚಯ ಮಾಡಿಸಿದರೆ ಅಲ್ಲೇ ತಿದ್ದಿ.

ಜಿಎಸ್‌ಟಿ ಪ್ರಾಕ್ಟೀಷನರ್ ಆಗುವುದು ಹೇಗೆ?

ನನ್ನ ಲೆಕ್ಕದಲ್ಲಿ ಹೊಸಬರಿಗೆ ಇದೇ ಒಳ್ಳೆಯ ಬಾಗಿಲು. ನಮ್ಮವರಲ್ಲಿ ಹೋಟೆಲು, ಕ್ಯಾಂಟೀನು, ಕೇಟರಿಂಗ್ ಎಷ್ಟಿದೆ, ನಿಮಗೇ ಗೊತ್ತು. ರಿಟರ್ನ್ ವರ್ಷಕ್ಕೊಮ್ಮೆ ಬರುತ್ತದೆ. ಜಿಎಸ್‌ಟಿ ತಿಂಗಳು ತಿಂಗಳು ಇರುತ್ತದೆ, ಅದರ ಫೀಯೂ ತಿಂಗಳು ತಿಂಗಳು ಬರುತ್ತದೆ.

ಜಿಎಸ್‌ಟಿ ನಿಯಮ 83 ಇದರದ್ದು. ಕಾಮರ್ಸ್, ಲಾ, ಬ್ಯಾಂಕಿಂಗ್, ಬಿಸಿನೆಸ್ ಅಡ್ಮಿನಿಸ್ಟ್ರೇಷನ್ ಅಥವಾ ಬಿಸಿನೆಸ್ ಮ್ಯಾನೇಜ್‌ಮೆಂಟ್ ಪದವಿ ಇರಬೇಕು. ಸಿಎ, ಸಿಎಸ್, ಕಾಸ್ಟ್ ಅಕೌಂಟೆನ್ಸಿ ಫೈನಲ್ ಆದವರಿಗೂ ಅವಕಾಶ ಇದೆ. ಪೋರ್ಟಲ್‌ನಲ್ಲಿ ಪಿಸಿಟಿ-01 ಫಾರಂ ತುಂಬಿದರೆ, ಎಲ್ಲ ಸರಿ ಇದ್ದಾಗ ಪಿಸಿಟಿ-02 ಸರ್ಟಿಫಿಕೇಟ್ ಬರುತ್ತದೆ. ಈ ನೋಂದಣಿಗೆ ಸರ್ಕಾರಿ ಫೀ ಇಲ್ಲ. "ಜಿಎಸ್‌ಟಿ ಲೈಸೆನ್ಸ್ ಮಾಡಿಸಿ ಕೊಡುತ್ತೇವೆ, 15 ಸಾವಿರ ಕೊಡಿ" ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಮುಖ್ಯ ವಿಷಯ ಪರೀಕ್ಷೆಯದ್ದು. ನೋಂದಣಿಯಾದ 2 ವರ್ಷದೊಳಗೆ, ಕೇಂದ್ರ ಸರ್ಕಾರದ ತರಬೇತಿ ಸಂಸ್ಥೆ ನಾಸಿನ್ ನಡೆಸುವ ಪರೀಕ್ಷೆ ಪಾಸಾಗಬೇಕು. ಫೀ 500 ರೂಪಾಯಿ. 100 ಪ್ರಶ್ನೆ, 200 ಅಂಕ, ಎರಡೂವರೆ ಗಂಟೆ. ಪಾಸಾಗಲು 100 ಅಂಕ ಬೇಕು, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಪ್ರಶ್ನೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಹೆದರಬೇಡಿ. ಕಾನೂನಿನ ಪದಗಳು ಎಷ್ಟು ಅಂತ ಇರುತ್ತವೆ? ಇನ್‌ಪುಟ್ ಕ್ರೆಡಿಟ್, ರಿವರ್ಸ್ ಚಾರ್ಜ್, ಪ್ಲೇಸ್ ಆಫ್ ಸಪ್ಲೈ. ದಿನಾ ಕೆಲಸದಲ್ಲಿ ಇವುಗಳ ಜೊತೆಗೇ ಇರುತ್ತೀರಿ. ಆರು ತಿಂಗಳು ಯಾರ ಕೈಕೆಳಗಾದರೂ ಕೆಲಸ ಮಾಡಿ ಆಮೇಲೆ ಬರೆಯಿರಿ.

ಗ್ರಾಹಕರು ಪಿಸಿಟಿ-05 ಮೂಲಕ ನಿಮ್ಮನ್ನು ಆರಿಸಿಕೊಂಡರೆ, ಅವರ ಪಾಸ್‌ವರ್ಡ್ ಇಲ್ಲದೆಯೇ ನಿಮ್ಮ ಲಾಗಿನ್‌ನಿಂದ ಕೆಲಸ ಮಾಡಬಹುದು.

ಟಿಆರ್‌ಪಿ ಎಂದರೇನು? ಅದು ಆಗಬೇಕಾ?

ಟ್ಯಾಕ್ಸ್ ರಿಟರ್ನ್ ಪ್ರಿಪೇರರ್. 2006ರಲ್ಲಿ ಬಂದ ಸರ್ಕಾರಿ ಯೋಜನೆ. ಪದವೀಧರರಿಗೆ ತರಬೇತಿ ಕೊಟ್ಟು, ಸಣ್ಣ ತೆರಿಗೆದಾರರ ಬಳಿ ಕಳಿಸುವ ಉದ್ದೇಶ. ಇವರು ಕಂಪನಿಗಳ ರಿಟರ್ನ್, ಆಡಿಟ್ ಬೇಕಾದವರ ರಿಟರ್ನ್ ಮಾಡುವಂತಿಲ್ಲ. ಗ್ರಾಹಕರಿಂದ ಪಡೆಯುವ ಫೀಗೆ 250 ರೂಪಾಯಿ ಮಿತಿ ಇಟ್ಟಿದ್ದರು. ಉದ್ದೇಶ ಒಳ್ಳೆಯದೇ. ಆದರೆ 250 ರೂಪಾಯಿಯಲ್ಲಿ ಮುಂಬಯಿಯಲ್ಲಿ ಆಫೀಸು ನಡೆಯುವುದಿಲ್ಲ.

ಆಫೀಸು ತೆರೆಯಲು ಯಾವ ಯಾವ ಕಾಗದ ಬೇಕು?

ಮೊದಲು ಪ್ರೊಫೆಷನಲ್ ಟ್ಯಾಕ್ಸ್. ಇಲ್ಲಿ ಎಲ್ಲರೂ ಪಿಟಿಇಸಿ ಎನ್ನುತ್ತಾರೆ. ಮಹಾರಾಷ್ಟ್ರದ 1975ರ ಕಾಯ್ದೆಯದು, ವರ್ಷಕ್ಕೆ 2,500 ರೂಪಾಯಿ. ಸಂವಿಧಾನವೇ ಇದಕ್ಕೆ 2,500ರ ಮಿತಿ ಹಾಕಿದೆ, ಆದ್ದರಿಂದ ಜಾಸ್ತಿ ಆಗುವ ಭಯ ಇಲ್ಲ. ಊರಿಗೆ ಹೋಗುವ ಗಡಿಬಿಡಿಯಲ್ಲಿ ಮರೆಯಬೇಡಿ, ಜೂನ್ 30ರೊಳಗೆ ಕಟ್ಟಿ. ಬೇರೆಯವರಿಗೆ ಟ್ಯಾಕ್ಸ್ ಕಟ್ಟಿ ಎನ್ನುವವರು ತಮ್ಮ ಪಿಟಿಇಸಿ ಮೂರು ವರ್ಷ ಬಾಕಿ ಇಟ್ಟಿದ್ದನ್ನು ಕಂಡಿದ್ದೇನೆ. ತುಂಬಾ ಬೇಸರವಾಗುತ್ತದೆ.

ಎರಡನೆಯದು ಗುಮಾಸ್ತಾ, ಅಂದರೆ ಅಂಗಡಿ ಕಾಯ್ದೆಯ ಕಾಗದ. ಹೋಟೆಲಿನವರಿಗೆ ಈ ಹೆಸರು ಬಾಯಿಪಾಠ. 2017ರ ಹೊಸ ಅಂಗಡಿ ಕಾಯ್ದೆಯ ಪ್ರಕಾರ ಕೆಲವೇ ಕೆಲಸಗಾರರಿರುವ ಸಣ್ಣ ಆಫೀಸಿಗೆ ನೋಂದಣಿ ಬೇಡ, ಆನ್‌ಲೈನ್‌ನಲ್ಲಿ ಮಾಹಿತಿ ಕೊಟ್ಟು ರಸೀದಿ ಪಡೆದರೆ ಆಯಿತು. ಬ್ಯಾಂಕಿನಲ್ಲಿ ಕರೆಂಟ್ ಅಕೌಂಟ್ ತೆರೆಯುವಾಗ ಆ ರಸೀದಿ ಕೇಳುತ್ತಾರೆ.

ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಪುಕ್ಕಟೆ. ಬೇಕಿದ್ದರೆ ಮಾಡಿ.

ನಿಮ್ಮ ಸ್ವಂತ ಜಿಎಸ್‌ಟಿ? ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿದರೆ ಬೇಕು. ಆಗ ನಿಮ್ಮ ಬಿಲ್ಲಿಗೆ 18 ಪರ್ಸೆಂಟ್ ಸೇರಿಸಬೇಕು. ಶುರುವಿನ ವರ್ಷಗಳಲ್ಲಿ ಆ ಚಿಂತೆ ಬೇಡ.

ಡಿಜಿಟಲ್ ಸಿಗ್ನೇಚರ್ ಎಲ್ಲದಕ್ಕೂ ಬೇಕಿಲ್ಲ. ಸಂಬಳದವರ ರಿಟರ್ನ್ ಅವರದೇ ಆಧಾರ್ ಓಟಿಪಿಯಿಂದ ಮುಗಿಯುತ್ತದೆ. ಕಂಪನಿ ಗ್ರಾಹಕರು ಬಂದಾಗ ಅವರ ಸಿಗ್ನೇಚರ್ ಅವರೇ ಮಾಡಿಸುತ್ತಾರೆ.

ಫೀ ಎಷ್ಟು ಎಂದು ಸರ್ಕಾರ ನಿಗದಿ ಮಾಡಿದೆಯಾ?

ಇಲ್ಲ. ಐಸಿಎಐ ತನ್ನ ಸದಸ್ಯರಿಗೆ ಕನಿಷ್ಠ ಫೀಯ ಒಂದು ಪಟ್ಟಿ ಸೂಚಿಸುತ್ತದೆ. ದೊಡ್ಡ ಊರಿಗೆ ಒಂದು ದರ, ಸಣ್ಣ ಊರಿಗೆ ಇನ್ನೊಂದು. ಅದು ಸಲಹೆ ಮಾತ್ರ.

ಹಾಗಾದರೆ ನನ್ನ ಫೀ ನಾನು ಹೇಗೆ ಲೆಕ್ಕ ಹಾಕಲಿ?

ಹೊಸಬರು ಪಕ್ಕದ ಆಫೀಸಿನವರ ಫೀ ಕೇಳಿ, ಅದರಲ್ಲಿ 100 ರೂಪಾಯಿ ಕಡಿಮೆ ಮಾಡುತ್ತಾರೆ. ಇದು ಲೆಕ್ಕ ಅಲ್ಲ. ಪಕ್ಕದವರ ಆಫೀಸು ಸ್ವಂತದ್ದಿರಬಹುದು, ನಿಮ್ಮದು ಬಾಡಿಗೆಯದ್ದು. ಅವರ ಖರ್ಚೇ ಬೇರೆ, ನಿಮ್ಮ ಖರ್ಚೇ ಬೇರೆ.

ನಾನು ಹುಡುಗರಿಗೆ ಹೇಳಿಕೊಡುವುದು ಹೀಗೆ. ಒಂದು ಉದಾಹರಣೆ ತಗೊಳ್ಳೋಣ. ಬಾಡಿಗೆ, ಕರೆಂಟು, ಇಂಟರ್‌ನೆಟ್, ಸಾಫ್ಟ್‌ವೇರ್, ಪಿಟಿಇಸಿ, ಪ್ರಿಂಟರ್ ಎಲ್ಲ ಸೇರಿ ವರ್ಷಕ್ಕೆ 1,20,000 ಖರ್ಚು ಎನ್ನಿ. ನಿಮಗೆ ಮನೆಗೆ ಬೇಕಾದದ್ದು ವರ್ಷಕ್ಕೆ 6,00,000. ಒಟ್ಟು 7,20,000. ಈಗ ಗಂಟೆ ಲೆಕ್ಕ ಹಾಕಿ. ದಿನಕ್ಕೆ ಎಂಟು ಗಂಟೆ ಕೂತರೂ ಎಂಟೂ ಗಂಟೆಗೆ ಬಿಲ್ ಆಗುವುದಿಲ್ಲ. ಫೋನ್ ಬರುತ್ತದೆ, ಪೋರ್ಟಲ್ ನಿಲ್ಲುತ್ತದೆ, ಹೊಸ ಸುತ್ತೋಲೆ ಓದಬೇಕು, ಲೋಕಲ್ ಟ್ರೇನಿನಲ್ಲಿ ಗ್ರಾಹಕರ ಬಳಿ ಹೋಗಬೇಕು. ವರ್ಷಕ್ಕೆ 1,200 ಗಂಟೆ ಬಿಲ್ ಆದರೆ ಅದೇ ಒಳ್ಳೆಯದು. 7,20,000 ಭಾಗಿಸು 1,200, ಅಂದರೆ ಗಂಟೆಗೆ 600.

ಈಗ ಕೆಲಸಕ್ಕೆ ಎಷ್ಟು ಗಂಟೆ ನೋಡಿ. ಫಾರಂ 16 (ಕೆಲಸ ಕೊಟ್ಟವರು ಕೊಡುವ ಸಂಬಳ, ತೆರಿಗೆ ಕಡಿತದ ಪತ್ರ) ಒಂದೇ ಇರುವ ಸಂಬಳದ ರಿಟರ್ನ್ ಒಂದು ಗಂಟೆ, 600. ಷೇರು, ಮ್ಯೂಚುವಲ್ ಫಂಡ್ ಮಾರಿದ್ದರೆ ಮೂರು ಗಂಟೆ, 1,800. ಫ್ಲ್ಯಾಟ್ ಮಾರಿದವರಿಗೆ ಹಳೆಯ ಒಪ್ಪಂದ, ಸ್ಟ್ಯಾಂಪ್ ಡ್ಯೂಟಿ ರಸೀದಿ ಹುಡುಕಿಸಿ ಕೂಡಿಸಲು ಆರು ಗಂಟೆ ಬೇಕು, 3,600. ಸಣ್ಣ ಹೋಟೆಲಿನ ತಿಂಗಳ ಜಿಎಸ್‌ಟಿ ಎರಡೂವರೆ ಗಂಟೆ, 1,500. ಈ ಸಂಖ್ಯೆಗಳನ್ನು ಹಾಗೇ ನಕಲು ಮಾಡಬೇಡಿ, ನಿಮ್ಮ ಖರ್ಚು ಹಾಕಿ ಮತ್ತೆ ಲೆಕ್ಕ ಮಾಡಿ.

ನಮ್ಮವರ ವಿಷಯದಲ್ಲಿ ಒಂದು ಎಚ್ಚರ. "ಬರೀ ಸಂಬಳ ಮಾರಾಯ್ರೆ, ಐದು ನಿಮಿಷದ ಕೆಲಸ" ಎಂದು ಹೇಳಿ ಕೂರುತ್ತಾರೆ. ಅರ್ಧ ಮುಗಿದ ಮೇಲೆ ಊರಿನ ಅಡಿಕೆ ತೋಟದ ಮಾತು ಬರುತ್ತದೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ನಿಜ. ಆದರೆ ಅದು 5,000 ದಾಟಿದರೆ ಸಂಬಳದವರ ಸರಳ ಫಾರಂ ಐಟಿಆರ್-1 ನಡೆಯುವುದಿಲ್ಲ, ಫಾರಂ ಬದಲಾಗುತ್ತದೆ, ತೆರಿಗೆ ದರದ ಲೆಕ್ಕಕ್ಕೂ ಅದು ಸೇರಬಹುದು. ಆದ್ದರಿಂದ ಫೀ ಹೇಳುವ ಮುಂಚೆ ಕೇಳಿ. ತೋಟ ಇದೆಯಾ? ಊರಿನ ಮನೆ ಬಾಡಿಗೆಗೆ ಇದೆಯಾ? ಷೇರು ಇದೆಯಾ? ಗಲ್ಫ್‌ನಲ್ಲಿ ಇದ್ದು ಬಂದಿರಾ? ಉತ್ತರ ಕೇಳಿ, ಒಂದು ಚೀಟಿಯಲ್ಲಿ ಕೆಲಸ ಮತ್ತು ಫೀ ಬರೆದು ಕೊಡಿ. ಆಮೇಲೆ ಜಗಳವೇ ಬರುವುದಿಲ್ಲ.

ರಿಫಂಡ್‌ನಲ್ಲಿ ಇಷ್ಟು ಪರ್ಸೆಂಟ್ ಎಂದು ಫೀ ತಗೊಳ್ಳಬಹುದಾ?

ದಯವಿಟ್ಟು ಬೇಡ. ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಸಿಎಗಳಿಗೆ ಅವರ ಕಾಯ್ದೆಯೇ ತಡೆ ಹಾಕಿದೆ. ಫಲಿತಾಂಶದ ಮೇಲೆ, ಪರ್ಸೆಂಟ್ ಮೇಲೆ ಫೀ ಇಟ್ಟರೆ ಅದು ವೃತ್ತಿಯ ದುರ್ನಡತೆ. ಬಿಕಾಂ ಮೇಲೆ ಕೆಲಸ ಮಾಡುವ ನಮ್ಮಂಥವರಿಗೆ ಹಾಗೆ ತಡೆಯುವ ಸಂಸ್ಥೆ ಇಲ್ಲ. ಅದಕ್ಕೇ ನಾವೇ ತಡೆದುಕೊಳ್ಳಬೇಕು. ನಿಮ್ಮ ಫೀ ರಿಫಂಡ್ ಮೇಲೆ ನಿಂತ ದಿನ, ರಿಫಂಡ್ ಜಾಸ್ತಿ ಮಾಡುವ ಆಸೆ ನಿಮ್ಮ ಕೈಗೆ ಬರುತ್ತದೆ. ಇಲ್ಲದ ಮನೆ ಬಾಡಿಗೆ, ಕೊಡದ ರಾಜಕೀಯ ದೇಣಿಗೆ, ಕಟ್ಟದ ವಿಮೆ ಎಲ್ಲ ಹೀಗೆ ಫಾರಂ ಒಳಗೆ ಬರುತ್ತವೆ.

ಬೊಯಿಸರ್‌ನ ಕಾರ್ಖಾನೆಯಲ್ಲಿ ಕೆಲಸ ಮಾಡುವ ಕುಂದಾಪುರದ ಒಬ್ಬರು ನನ್ನಲ್ಲಿ ಬಂದರು. ಅವರ ಸಹೋದ್ಯೋಗಿಗಳೆಲ್ಲ ಒಬ್ಬ ಏಜೆಂಟನ ಬಳಿ ರಿಟರ್ನ್ ಹಾಕಿಸಿದ್ದರು, ಇವರೂ ಹಾಕಿಸಿದ್ದರು. 46,000 ರಿಫಂಡ್ ಬಂತು. ಏಜೆಂಟ್ 20 ಪರ್ಸೆಂಟ್ ಎಂದು 9,200 ತಗೊಂಡ. ಎಂಟು ತಿಂಗಳಾದ ಮೇಲೆ ಇಲಾಖೆಯಿಂದ ಮೆಸೇಜ್ ಬಂತು, ನಿಮ್ಮ ಕಡಿತಗಳನ್ನು ಮತ್ತೆ ನೋಡಿ ಎಂದು. ನಾವು ಅಪ್‌ಡೇಟೆಡ್ ರಿಟರ್ನ್, ಅಂದರೆ ತಪ್ಪು ತಿದ್ದಿ ಮತ್ತೆ ಕೊಡುವ ರಿಟರ್ನ್, ಹಾಕಿದೆವು. 46,000 ವಾಪಸ್, ಅದರ ಮೇಲೆ ಬಡ್ಡಿ, ಎರಡೂ ಸೇರಿದ ಮೊತ್ತಕ್ಕೆ ಇನ್ನೂ 25 ಪರ್ಸೆಂಟ್. ಮಗಳ ಕಾಲೇಜಿಗೆಂದು ಇಟ್ಟ ದುಡ್ಡು ಅದು. ಏಜೆಂಟನ ಫೋನ್ ಸ್ವಿಚ್ ಆಫ್. ಅವರು ನನ್ನೆದುರು ಕೂತು, "ನನಗೆ ಇದು ಗೊತ್ತೇ ಇರಲಿಲ್ಲ" ಎಂದು ಮತ್ತೆ ಮತ್ತೆ ಹೇಳುತ್ತಿದ್ದರು. ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಇದು ಅವರೊಬ್ಬರ ಕಥೆ ಅಲ್ಲ. 2025ರ ಜುಲೈ 14ರಂದು ಇಲಾಖೆ ದೇಶದ ಸುಮಾರು 150 ಕಡೆ ಇಂಥ ಮಧ್ಯವರ್ತಿಗಳ ಮೇಲೆ ದಾಳಿ ಮಾಡಿತು, ಮಹಾರಾಷ್ಟ್ರವೂ ಅದರಲ್ಲಿ ಇತ್ತು. ಅದಕ್ಕೆ ಮುಂಚಿನ ನಾಲ್ಕು ತಿಂಗಳಲ್ಲಿ ಸುಮಾರು 40,000 ಜನ ತಾವಾಗಿ ರಿಟರ್ನ್ ತಿದ್ದಿ, 1,045 ಕೋಟಿ ರೂಪಾಯಿಯ ಸುಳ್ಳು ಕ್ಲೇಮ್ ಹಿಂದೆ ತಗೊಂಡಿದ್ದರು ಎಂದು ಇಲಾಖೆ ಹೇಳಿತು.

ರಿಟರ್ನ್ ತಪ್ಪಾದರೆ ದಂಡ ಯಾರಿಗೆ, ನನಗಾ ಗ್ರಾಹಕರಿಗಾ?

ಮೊದಲು ಗ್ರಾಹಕರಿಗೆ. ಆದಾಯ ಕಡಿಮೆ ತೋರಿಸಿದರೆ ಸೆಕ್ಷನ್ 270ಎ ಪ್ರಕಾರ ತೆರಿಗೆಯ 50 ಪರ್ಸೆಂಟ್ ದಂಡ, ಸುಳ್ಳು ಹೇಳಿ ತೋರಿಸಿದರೆ 200 ಪರ್ಸೆಂಟ್. ಜಿಎಸ್‌ಟಿಯಲ್ಲೂ ಅಷ್ಟೇ, ಪ್ರಾಕ್ಟೀಷನರ್ ಹಾಕಿದ ರಿಟರ್ನ್ ಸರಿ ಇರುವ ಹೊಣೆ ವ್ಯಾಪಾರಿಯದ್ದೇ ಎಂದು ಕಾಯ್ದೆ ಹೇಳುತ್ತದೆ.

ಹಾಗೆಂದು ನಾವು ಪಾರಾದೆವು ಎಂದಲ್ಲ. ಸುಳ್ಳು ರಿಟರ್ನ್ ಹಾಕಲು ಕುಮ್ಮಕ್ಕು ಕೊಟ್ಟವರಿಗೆ ಸೆಕ್ಷನ್ 278ರಲ್ಲಿ ಜೈಲು ಶಿಕ್ಷೆ ಇದೆ. ಸಿಎ ತನ್ನ ವರದಿಯಲ್ಲಿ ತಪ್ಪು ಮಾಹಿತಿ ಕೊಟ್ಟರೆ ಒಂದೊಂದಕ್ಕೂ 10,000 ದಂಡ ಇದೆ.

ನಿಮ್ಮ ಕೈತಪ್ಪಿನಿಂದ ಗ್ರಾಹಕರಿಗೆ ತಡವಾದರೆ? ಜುಲೈ 31 ದಾಟಿದ ಸಂಬಳದವರ ರಿಟರ್ನ್‌ಗೆ ಲೇಟ್ ಫೀ 5,000, ಆದಾಯ 5 ಲಕ್ಷದ ಒಳಗಿದ್ದರೆ 1,000. ನನ್ನಿಂದ ಒಮ್ಮೆ ಹಾಗಾಯಿತು. ಕಾಗದ ನನ್ನ ಮೇಜಿನ ಮೇಲೇ ಇತ್ತು, ನಾನು ಮರೆತೆ. ಆ 5,000 ನನ್ನ ಜೇಬಿನಿಂದ ಕೊಟ್ಟೆ. ಆ ಗ್ರಾಹಕರು ಇವತ್ತಿಗೂ ನನ್ನಲ್ಲೇ ಬರುತ್ತಾರೆ.

ಗ್ರಾಹಕರ ಪಾಸ್‌ವರ್ಡ್, ಓಟಿಪಿ ಇಟ್ಟುಕೊಳ್ಳಬಹುದಾ?

ಓಟಿಪಿ ಅವರ ಮೊಬೈಲಿಗೇ ಬರಬೇಕು. ಪೋರ್ಟಲ್‌ನಲ್ಲಿ ನಿಮ್ಮ ನಂಬರು, ನಿಮ್ಮ ಇಮೇಲ್ ಹಾಕಬೇಡಿ. ಹಾಕಿದರೆ ಇಲಾಖೆಯ ನೋಟಿಸ್ ಅವರಿಗೆ ತಲುಪುವುದೇ ಇಲ್ಲ. ರಿಟರ್ನ್ ಹಾಕಿದ 30 ದಿನದೊಳಗೆ ವೆರಿಫೈ ಆಗಬೇಕು. ಓಟಿಪಿ ಬಾರದ ಹಿರಿಯರಿದ್ದರೆ ವೆರಿಫೈ ಮಾಡುವ ಕಾಗದ ಐಟಿಆರ್-ವಿ ಪ್ರಿಂಟ್ ತೆಗೆದು ಸಹಿ ಹಾಕಿಸಿ, ಬೆಂಗಳೂರಿನಲ್ಲಿರುವ ಇಲಾಖೆಯ ಕೇಂದ್ರ ಸಿಪಿಸಿಗೆ ಸ್ಪೀಡ್ ಪೋಸ್ಟ್ ಮಾಡಿ. ಕೆಲಸ ಮುಗಿದ ಮೇಲೆ ಕಂಪ್ಯುಟೇಷನ್ (ತೆರಿಗೆ ಲೆಕ್ಕದ ಹಾಳೆ) ಪ್ರತಿ ಅವರ ಕೈಗೆ ಕೊಟ್ಟು, ಯಾವ ಕಡಿತ ಯಾಕೆ ಹಾಕಿದೆವು ಎಂದು ಅವರ ಮಾತಿನಲ್ಲಿ ಹೇಳಿ. ಕನ್ನಡದಲ್ಲೋ ತುಳುವಿನಲ್ಲೋ ಎರಡು ನಿಮಿಷ ಹೇಳಿದರೆ ಸಾಕು. ಬೊಯಿಸರ್‌ನ ಆ ಮನುಷ್ಯರಿಗೆ ಯಾರೂ ಹೇಳಿರಲಿಲ್ಲ.

ಸಂಘದವರು, ಸಂಬಂಧಿಕರು ಪುಕ್ಕಟೆ ಮಾಡಿಕೊಡಿ ಎಂದರೆ?

ಇದು ಎಲ್ಲರೂ ಕೇಳುವ, ಯಾರೂ ಜೋರಾಗಿ ಕೇಳದ ಪ್ರಶ್ನೆ. ನಾನು ಮೂರು ಬಗೆಯವರಿಗೆ ಫೀ ತಗೊಳ್ಳುವುದಿಲ್ಲ. ಹೋಟೆಲಿನಲ್ಲಿ ಮೊದಲ ಸಲ ಸಂಬಳದಿಂದ ಟಿಡಿಎಸ್ ಕಟ್ ಆದ ಹುಡುಗರು, ಪಿಂಚಣಿ ಒಂದೇ ಇರುವ ವಿಧವೆಯರು, ನನಗೆ ಓದು ಹೇಳಿದ ಮೇಷ್ಟ್ರು. ಉಳಿದವರೆಲ್ಲ, ನನ್ನ ಭಾವನೂ ಸೇರಿ, ಫೀ ಕೊಡುತ್ತಾರೆ. ಬೇಕಿದ್ದರೆ ಸ್ವಲ್ಪ ಕಡಿಮೆ ಮಾಡುತ್ತೇನೆ, ಆದರೆ ಬಿಲ್ಲಿನಲ್ಲಿ ಪೂರ್ತಿ ಫೀ ಬರೆದು, ಕಡಿಮೆ ಮಾಡಿದ್ದನ್ನು ಕೆಳಗೆ ತೋರಿಸುತ್ತೇನೆ. ಹಾಗೆ ಮಾಡಿದಾಗ ಕೆಲಸದ ಬೆಲೆ ಅವರಿಗೂ ಗೊತ್ತಾಗುತ್ತದೆ ಅಲ್ವಾ.

ಬೋರ್ಡ್‌ನಲ್ಲಿ ಏನು ಬರೆಸಲಿ?

ನಿಮ್ಮ ಹೆಸರು, ಬಿಕಾಂ, ಕೆಳಗೆ ಟ್ಯಾಕ್ಸ್ ಕನ್ಸಲ್ಟೆಂಟ್. ಪರೀಕ್ಷೆ ಪಾಸಾಗಿದ್ದರೆ ಜಿಎಸ್‌ಟಿ ಪ್ರಾಕ್ಟೀಷನರ್ ಎಂದೂ ಹಾಕಿ. 2022ರ ತಿದ್ದುಪಡಿ ಆದಮೇಲೆ ಸಣ್ಣ ಆಫೀಸಿನ ಬೋರ್ಡ್ ಕೂಡ ದೇವನಾಗರಿಯಲ್ಲಿ ಮರಾಠಿ ಇರಬೇಕು. ಮರಾಠಿ ಮೊದಲು ಬರಬೇಕು, ಅದರ ಅಕ್ಷರ ಬೇರೆ ಭಾಷೆಯ ಅಕ್ಷರಕ್ಕಿಂತ ಚಿಕ್ಕದಿರಬಾರದು. ಬೇರೆ ಭಾಷೆ ಹಾಕಲು ಅಡ್ಡಿ ಇಲ್ಲ. ನನ್ನ ಬೋರ್ಡ್‌ನಲ್ಲಿ ಮೇಲೆ ಮರಾಠಿ, ನಡುವೆ ಇಂಗ್ಲಿಷ್, ಕೆಳಗೆ ಕನ್ನಡದ ಒಂದು ಸಾಲು ಇದೆ. ಸ್ಟೇಷನ್‌ನಿಂದ ನಡೆದು ಬರುವ ನಮ್ಮವರು ಆ ಸಾಲು ನೋಡಿಯೇ ಮೆಟ್ಟಿಲು ಹತ್ತುತ್ತಾರೆ.